ಎದೆ ಮೇಲೆ ಯಾರ ಹೆಸರು?

ಕ್ರಿಕೆಟ್ ಇಲ್ಲದ ವಾರಾಂತ್ಯಗಳಲ್ಲಿ ನಾನು ಮೊಬೈಲ್‌ನಲ್ಲಿ ರಗ್ಬಿ ನೋಡ್ತೀನಿ. ಮೊಟ್ಟೆ ಆಕಾರದ ಚೆಂಡು, ಒಂದೊಂದು ಕಡೆ ಹದಿನೈದು ಜನ, ಕೆಸರು, ನೂಕಾಟ. ನಿಯಮ ಅರ್ಥ ಆಗೋಕೆ ಸ್ವಲ್ಪ ದಿನ ಬೇಕು. ಆದರೆ ಎದೆ ಮೇಲಿನ ಕಂಪನಿ ಹೆಸರು ಮೊದಲ ನಿಮಿಷದಲ್ಲೇ ಕಣ್ಣಿಗೆ ಬೀಳುತ್ತೆ.

2024ರ ನವೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ನಡೆದ ಪಂದ್ಯದಲ್ಲಿ ಫ್ರಾನ್ಸ್ ತಂಡ ನ್ಯೂಜಿಲೆಂಡನ್ನು 30-29ರಿಂದ ಸೋಲಿಸಿತು. ಒಂದೇ ಒಂದು ಅಂಕದ ಅಂತರ. ಆದರೆ ಸೋತವರ ಜೆರ್ಸಿ ಮೇಲೂ ಗೆದ್ದವರ ಜೆರ್ಸಿ ಮೇಲೂ ಇದ್ದದ್ದು ಒಂದೇ ಹೆಸರು: ಆಲ್ಟ್ರಾಡ್. ಕಟ್ಟಡ ಕೆಲಸಕ್ಕೆ ಬೇಕಾದ ಸಾರವೆ, ಕಾಂಕ್ರೀಟ್ ಮಿಕ್ಸರ್‌ಗಳಿಂದ ಹೆಸರು ಮಾಡಿದ ಫ್ರಾನ್ಸ್‌ನ ಕಂಪನಿ ಅದು. ಯಾರೇ ಗೆದ್ದರೂ ಫೋಟೋದಲ್ಲಿ ಅದರ ಹೆಸರಂತೂ ಖಾತ್ರಿ!

ಇದು ಹೊಸ ಕಾಲದ ಕಥೆ. 1995ರ ಆಗಸ್ಟ್‌ವರೆಗೆ ರಗ್ಬಿ ಯೂನಿಯನ್ ಆಡೋರಿಗೆ ಸಂಬಳ ಕೊಡುವಂತಿರಲಿಲ್ಲ. ರೈತರು, ಡಾಕ್ಟರುಗಳು, ಪೊಲೀಸರು ವಾರವಿಡೀ ತಮ್ಮ ಕೆಲಸ ಮಾಡಿ, ಬಿಡುವಿನಲ್ಲಿ ದೇಶಕ್ಕಾಗಿ ಆಡ್ತಿದ್ದರು. ಆಮೇಲೆ ಆಟ ವೃತ್ತಿಯಾಯ್ತು. ಸಂಬಳ ಕೊಡಬೇಕು ಅಂದ ಮೇಲೆ ದುಡ್ಡು ಎಲ್ಲಿಂದಾದರೂ ಬರಬೇಕಲ್ಲ? ನ್ಯೂಜಿಲೆಂಡ್‌ನ ಪ್ರಸಿದ್ಧ ಕಪ್ಪು ಜೆರ್ಸಿಯ ನಟ್ಟನಡುವೆ 2012ರಲ್ಲಿ ಎಐಜಿ ಎಂಬ ವಿಮಾ ಕಂಪನಿ ಬಂದು ಕೂತಿತು, 2022ರಲ್ಲಿ ಆಲ್ಟ್ರಾಡ್. ಆಟಗಾರನ ಮನೆ ನಡೆಯೋದು ಈ ದುಡ್ಡಿನಿಂದಲೂ ಹೌದು. ಹಾಗಾಗಿ ಜಾಹೀರಾತೇ ಬೇಡ ಅಂತ ನಾನು ಹೇಳಲ್ಲ. ನನ್ನ ಪ್ರಶ್ನೆ ಬೇರೆ. ಎದೆ ಮೇಲಿನ ಜಾಗ ಮಾರಾಟಕ್ಕಿದೆ ಸರಿ, ‘ಈ ಹೆಸರು ಬೇಡ’ ಅನ್ನೋ ಅಧಿಕಾರ ಯಾರಿಗಿದೆ?

ಕಾನೂನಿಗಿದೆ. ವೇಲ್ಸ್ ತಂಡಕ್ಕೆ ಒಂದು ಕಾಲದಲ್ಲಿ ಬ್ರೈನ್ಸ್ ಎಂಬ ಬಿಯರ್ ಕಂಪನಿ ಪ್ರಾಯೋಜಕ. ಆದರೆ ಫ್ರಾನ್ಸ್‌ನಲ್ಲಿ 1991ರ ಕಾನೂನಿನ ಪ್ರಕಾರ ಮೈದಾನದಲ್ಲಿ ಮದ್ಯದ ಜಾಹೀರಾತು ನಿಷಿದ್ಧ. 2005ರಲ್ಲಿ ವೇಲ್ಸ್ ಪ್ಯಾರಿಸ್‌ಗೆ ಹೋದಾಗ ಜೆರ್ಸಿ ಮೇಲೆ ‘ಬ್ರೈನ್ಸ್’ ಹೋಗಿ ‘ಬ್ರಾನ್’ ಆಯ್ತು, ಅಂದರೆ ತೋಳ್ಬಲ. ಮಿದುಳು ಬೇಡ ಅಂದರೆ ಮಾಂಸಖಂಡ! ವೇಲ್ಸ್ ಆ ಪಂದ್ಯವನ್ನೂ ಗೆದ್ದಿತು, ಆ ವರ್ಷದ ಸಿಕ್ಸ್ ನೇಷನ್ಸ್‌ನ ಎಲ್ಲ ಪಂದ್ಯಗಳನ್ನೂ ಗೆದ್ದಿತು. ಕಾನೂನು ಬಾಗಿಲು ಹಾಕಿದರೆ ಕಂಪನಿ ಕಿಟಕಿಯಿಂದ ಬರುತ್ತೆ. ವಿಸ್ಕಿ ಹೆಸರಲ್ಲಿ ಸೋಡಾ ಜಾಹೀರಾತು ನೋಡಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಟೂರ್ನಿ ನಡೆಸೋರಿಗೂ ಇದೆ. ರಗ್ಬಿ ವಿಶ್ವಕಪ್‌ನಲ್ಲಿ ಜೆರ್ಸಿ ಮೇಲೆ ಪ್ರಾಯೋಜಕರ ಹೆಸರು ಇರಲ್ಲ. ದೇಶದ ಲಾಂಛನ, ಟೂರ್ನಿ ಗುರುತು, ಬಟ್ಟೆ ಮಾಡಿದವರ ಸಣ್ಣ ಗುರುತು, ಅಷ್ಟೇ. 2023ರ ವಿಶ್ವಕಪ್‌ನ ಮೊದಲ ಪಂದ್ಯದಲ್ಲೂ ಎದುರಾಗಿದ್ದು ಇದೇ ಫ್ರಾನ್ಸ್ ಮತ್ತು ನ್ಯೂಜಿಲೆಂಡ್. ಎರಡೂ ಎದೆಗಳು ಖಾಲಿ, ನೋಡೋಕೆ ಎಷ್ಟು ಚೆಂದ! ಹಾಗಂತ ಅದು ಸನ್ಯಾಸವೇನಲ್ಲ. ವಿಶ್ವಕಪ್‌ಗೆ ಅದರದೇ ಪ್ರಾಯೋಜಕರಿದ್ದಾರೆ, ಅವರ ಬೋರ್ಡ್‌ಗಳು ಮೈದಾನದ ಸುತ್ತ ಇದ್ದೇ ಇರುತ್ತವೆ. ಆದರೂ ಒಂದು ಮಾತು ಸಾಬೀತಾಯ್ತು: ಎದೆ ಖಾಲಿ ಬಿಟ್ಟರೂ ಆಟ ನಡೆಯುತ್ತೆ.

ಇನ್ನು ಉಳಿದವನು ಆ ಜೆರ್ಸಿ ಹಾಕ್ಕೊಳ್ಳೋ ಮನುಷ್ಯ.

2017ರ ಏಪ್ರಿಲ್. ನ್ಯೂಜಿಲೆಂಡ್‌ನ ದೊಡ್ಡ ತಾರೆ ಸನ್ನಿ ಬಿಲ್ ವಿಲಿಯಮ್ಸ್ ಬ್ಲೂಸ್ ತಂಡದ ಪರ ಮೈದಾನಕ್ಕೆ ಇಳಿದಾಗ, ಕಾಲರ್ ಮೇಲಿದ್ದ ಬ್ಯಾಂಕ್ ಹೆಸರಿಗೆ ಟೇಪ್ ಅಂಟಿಸಿಕೊಂಡಿದ್ದರು. ಅವರು ಮುಸ್ಲಿಂ, ಬಡ್ಡಿ ವ್ಯವಹಾರ ಅವರ ನಂಬಿಕೆಗೆ ವಿರುದ್ಧ. ದೊಡ್ಡ ಗದ್ದಲವೇ ಆಯ್ತು. ಕೊನೆಗೆ ನ್ಯೂಜಿಲೆಂಡ್ ರಗ್ಬಿ ಸಂಸ್ಥೆ ಅವರ ಆಕ್ಷೇಪವನ್ನು ಒಪ್ಪಿಕೊಂಡಿತು. ಕ್ರಿಕೆಟ್‌ನಲ್ಲಿ ಹಾಶಿಂ ಆಮ್ಲಾ ಕೂಡ ದಕ್ಷಿಣ ಆಫ್ರಿಕಾ ಜೆರ್ಸಿಯಲ್ಲಿ ಬಿಯರ್ ಕಂಪನಿಯ ಗುರುತಿಲ್ಲದೆಯೇ ಆಡಿದವರು.

ಈ ವಿಷಯ ಎತ್ತಿದಾಗ ಆಫೀಸಿನ ಗೆಳೆಯನೊಬ್ಬ ಅಂದ: “ಸಂಬಳ ತಗೋತಾರಲ್ಲ ಮಾರಾಯ, ಹಾಕ್ಕೊಳ್ಳಲಿ ಬಿಡು. ನಾವು ಕಂಪನಿ ಟೀ-ಶರ್ಟ್ ಹಾಕ್ಕೊಳ್ಳಲ್ವಾ?”

ಹಾಕ್ಕೊಳ್ತೀವಿ. ಟೀಮ್ ಔಟಿಂಗ್ ದಿನ ಹಾಕ್ಕೊಂಡು ಫೋಟೋ ತೆಗೆಸಿಕೊಳ್ತೀವಿ, ಆರು ತಿಂಗಳಿಗೆ ಅದು ಗಾಡಿ ಒರೆಸೋ ಬಟ್ಟೆ ಆಗುತ್ತೆ. ಆದರೆ ಅದರ ಮೇಲಿರೋದು ನಾವೇ ಆರಿಸಿಕೊಂಡು ಸೇರಿದ ಕಂಪನಿ ಹೆಸರು. ಆಟಗಾರ ಆರಿಸಿಕೊಂಡದ್ದು ತಂಡವನ್ನು. ಪ್ರಾಯೋಜಕರನ್ನು ಆರಿಸಿದ್ದು ಬೇರೆ ಯಾರೋ, ಇನ್ಯಾವುದೋ ಮೀಟಿಂಗ್‌ನಲ್ಲಿ. ಅವನು ಸಾಲದ ಆ್ಯಪನ್ನೋ ಜೂಜಿನ ಆ್ಯಪನ್ನೋ ಎದೆ ಮೇಲೆ ಹೊತ್ತರೆ, ಅವನನ್ನು ನೋಡಿ ಬೆಳೆಯೋ ಮಕ್ಕಳು ಅದನ್ನೂ ಅವನ ಮಾತು ಅಂತಲೇ ನಂಬ್ತಾರೆ.

ವಿಲಿಯಮ್ಸ್, ಆಮ್ಲಾ ‘ಬೇಡ’ ಅಂದರೆ ನಡೆಯಿತು, ಯಾಕಂದ್ರೆ ಅವರನ್ನು ಬಿಟ್ಟು ತಂಡ ಕಟ್ಟೋದು ಕಷ್ಟ. ಈಗ ನಮ್ಮ ಕಡೆ ನೋಡಿ. 2025ರ ಜೂನ್‌ನಲ್ಲಿ ಮುಂಬೈಯಲ್ಲಿ ಮೊದಲ ರಗ್ಬಿ ಪ್ರೀಮಿಯರ್ ಲೀಗ್ ನಡೆಯಿತು. ಆರು ತಂಡಗಳು, ಅದರಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಕೂಡ ಒಂದು. ಇಂಥ ಕಡೆ ಮೊದಲ ಸಲ ಆಯ್ಕೆಯಾದ ಹುಡುಗ ಟೇಪ್ ಅಂಟಿಸೋದು ಹಾಗಿರಲಿ, ‘ಇದು ಯಾವ ಕಂಪನಿ ಸಾರ್?’ ಅಂತ ಕೇಳೋಕೂ ಹೆದರ್ತಾನೆ. ಬೆಂಚಲ್ಲಿ ಕೂತ ಇನ್ನೊಬ್ಬ ಕಾಯ್ತಾ ಇರ್ತಾನಲ್ಲ.

ನಮ್ಮ ಕ್ರಿಕೆಟ್‌ನಲ್ಲಿ ‘ಬೇಡ’ ಅಂದಿದ್ದೂ ಕಾನೂನೇ. 2025ರ ಆಗಸ್ಟ್‌ನಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳ ಮೇಲೆ ನಿಷೇಧ ಬಂದ ಮೇಲೆ ಡ್ರೀಮ್11 ಭಾರತದ ಜೆರ್ಸಿಯಿಂದ ಇಳಿಯಿತು. ಮುಂದಿನ ತಿಂಗಳ ಏಷ್ಯಾ ಕಪ್‌ನಲ್ಲಿ ನಮ್ಮವರು ಎದೆ ಮೇಲೆ ದೇಶದ ಹೆಸರಷ್ಟೇ ಇಟ್ಟುಕೊಂಡು ಆಡಿದರು, ಕಪ್ಪನ್ನೂ ಗೆದ್ದರು. ಅಲ್ಲಿಯವರೆಗೆ ಆ ಹೆಸರನ್ನು ಹೊತ್ತ ಆಟಗಾರರನ್ನು ನಾವ್ಯಾರೂ ‘ನಿಮಗೆ ಒಪ್ಪಿಗೆ ಇದೆಯಾ?’ ಅಂತ ಕೇಳಿರಲಿಲ್ಲ.

ಕೇಳೋಕೆ ದೊಡ್ಡ ಕ್ರಾಂತಿ ಏನೂ ಬೇಡ. ಒಪ್ಪಂದದಲ್ಲಿ ಒಂದು ಸಾಲು ಸಾಕು: ಮದ್ಯ, ಜೂಜು, ಬಡ್ಡಿ, ಇವುಗಳಲ್ಲಿ ಯಾವುದನ್ನು ಹೊರಲು ಮನಸ್ಸು ಒಪ್ಪಲ್ಲವೋ ಅದನ್ನು ಆಟಗಾರ ಮೊದಲೇ ಹೇಳಬಹುದು, ಹೇಳಿದ್ದಕ್ಕೆ ತಂಡದಿಂದ ಕೈಬಿಡುವಂತಿಲ್ಲ. ಈ ಸಾಲು ತಾರೆಗಿಂತ ಹೆಚ್ಚಾಗಿ ಬೇಕಿರೋದು ಹದಿನೈದನೇ ಆಟಗಾರನಿಗೆ.