ಕೊಂಡಿ ಬೆಸೆದ ಹಾಲಿ ರೂಪಾಯಿ

ನನ್ನ ಡಬ್ಬಿಯಲ್ಲಿ ಇನ್ನೂರರ ಆಸುಪಾಸು ನಾಣ್ಯಗಳಿವೆ. ಯಾರಾದರೂ ನೋಡಲು ಬಂದರೆ ನಾನು ಮೊದಲು ತೆಗೆಯೋದು ಮಾತ್ರ ಒಂದು ಕೆಟ್ಟುಹೋದ ನಾಣ್ಯವನ್ನೇ.

ಅದು ಹೈದರಾಬಾದ್ ನಿಜಾಮರ ಬೆಳ್ಳಿ ರೂಪಾಯಿ. ನಮ್ಮ ಹಿರಿಯರ ಬಾಯಲ್ಲಿ ಹಾಲಿ ರೂಪಾಯಿ. ಒಂದು ಬದಿ ಚಾರ್‌ಮಿನಾರ್, ಅದರ ಬಾಗಿಲೊಳಗೆ ಉಸ್ಮಾನ್ ಅಲಿ ಖಾನ್ ಹೆಸರಿನ ಮೊದಲ ಅಕ್ಷರ ‘ಐನ್’. ವರ್ಷ 1337 ಅಂತಿದೆ. ಗಾಬರಿ ಬೀಳಬೇಡಿ, ಅದು ಹಿಜರಿ ಲೆಕ್ಕ. ನಮ್ಮ ಲೆಕ್ಕಕ್ಕೆ 1918-19. ತೂಕ 11 ಗ್ರಾಂ ಚಿಲ್ಲರೆ, ಅದರಲ್ಲಿ ಬೆಳ್ಳಿ ಸುಮಾರು 9 ಗ್ರಾಂ. ಸರಕ್ಕೆ ಪೋಣಿಸಲು ಯಾರೋ ಮೇಲೊಂದು ಕೊಂಡಿ ಬೆಸೆದಿದ್ದಾರೆ. ಬೆಸುಗೆ ಮಿನಾರದ ತುದಿಯನ್ನು ನುಂಗಿಬಿಟ್ಟಿದೆ.

ಇದು ಸಿಕ್ಕಿದ್ದು ಭಾಲ್ಕಿಯ ಒಂದು ಸರಾಫ ಅಂಗಡಿಯಲ್ಲಿ, ನಾಲ್ಕು ವರ್ಷದ ಹಿಂದೆ. ಮನೆಯವಳ ಕಾಲುಂಗುರ ರಿಪೇರಿಗೆ ಹೋಗಿದ್ದೆ. ಔರಾದ್ ಕಡೆಯ ಒಬ್ಬ ಆಯಿ ಒಂಬತ್ತು ರೂಪಾಯಿಯ ಸರ ತಂದು ತಕ್ಕಡಿಗೆ ಹಾಕಿದ್ದಳು.

“ಆಯಿ, ಇವು ಕರಗಸಲಿಕ್ಕ ಕೊಡಬ್ಯಾಡ್ರಿ” ಅಂದೆ.

“ಮತ್ತ ಏನ್ ಮಾಡ್ಲೆಪ್ಪಾ? ಸೋಮಾರ ಮೊಮ್ಮಗಳ ಫೀಸ್ ಕಟ್ಟಬೇಕು.”

ನನ್ನ ಕಿಸೆಯಲ್ಲಿ ಒಂದಕ್ಕಾಗುವಷ್ಟೇ ದುಡ್ಡಿತ್ತು. ಬೆಳ್ಳಿ ರೇಟು ಕೊಟ್ಟು ಒಂದನ್ನು ತಗೊಂಡೆ. ಉಳಿದ ಎಂಟು ಮೂಸೆಗೆ ಹೋದವು.

ಆಯಿ ಕೂತು ಹೇಳಿದ ಮಾತು ಇದು. ಆಕೆಯ ಮಾವ ಸೊಲ್ಲಾಪುರದ ಮಿಲ್ಲಿಗೆ ದುಡಿಯಲು ಹೋಗುತ್ತಿದ್ದ. ಸೊಲ್ಲಾಪುರ ಬ್ರಿಟಿಷರ ಸೀಮೆ, ಅಲ್ಲಿ ಪಗಾರ ಕಲ್ದಾರದಲ್ಲಿ. ಬೀದರ್ ಸೀಮೆ ನಿಜಾಮರದು, ಇಲ್ಲಿ ಸಂತೆ ನಡೆಯೋದು ಹಾಲಿಯಲ್ಲಿ. ಆರು ಕಲ್ದಾರಕ್ಕೆ ಹೆಚ್ಚುಕಡಿಮೆ ಏಳು ಹಾಲಿ. ಆರು ಕೊಟ್ಟು ಏಳು ಎಣಿಸಿಕೊಂಡಾಗ ಒಂದು ಪುಕ್ಕಟೆ ಬಂದಂಗ ಅನಿಸುತ್ತಿತ್ತಂತೆ. ಆ ಏಳನೆಯದನ್ನು ಹೆಂಡತಿ ಕೈಗೆ ಕೊಡುತ್ತಿದ್ದ. ಅವಳು ಕೊಂಡಿ ಹಾಕಿಸುತ್ತಿದ್ದಳು. ಸರ ಬೆಳೆದದ್ದು ಹಾಗೆ.

ಬೀದರ್ ಅಂದರೆ ಕೋಟೆ, ಮಹಮೂದ್ ಗವಾನ್ ಮದರಸಾ, ಬಿದ್ರಿ ಕಲೆ ಅಂತ ಎಲ್ಲರೂ ಬರೀತಾರೆ. ಬರೀಲಿ. ಆದರೆ ಕೂಲಿಯವನೊಬ್ಬ ಎರಡು ರಾಜ್ಯಗಳ ದುಡ್ಡಿನ ನಡುವೆ ಹೇಗೆ ಬದುಕಿದ ಅನ್ನೋದು ಯಾವ ಶಿಲಾಶಾಸನದಲ್ಲೂ ಇಲ್ಲ. 1948ರ ಸೆಪ್ಟೆಂಬರ್‌ನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1956ರಲ್ಲಿ ಉದಗೀರ, ನಿಲಂಗಾ ಮುಂಬೈ ರಾಜ್ಯಕ್ಕೆ, ಜಹೀರಾಬಾದ್ ಆಂಧ್ರಕ್ಕೆ, ನಾವು ಮೈಸೂರಿಗೆ. ಹಾಲಿ ಸಿಕ್ಕಾ ಆ ದಶಕದಲ್ಲೇ ಚಲಾವಣೆಯಿಂದ ಹೋಯಿತು. ಅದನ್ನು ಎಣಿಸಿದ ಕೈಗಳು ಈಗ ಬೆರಳೆಣಿಕೆ.

ನಾಣ್ಯ ಸಂಗ್ರಹಿಸುವ ಗೆಳೆಯರು ನನ್ನನ್ನು ನೋಡಿ ನಗುತ್ತಾರೆ. ಕೊಂಡಿ ಇದ್ದರೆ ಬೆಲೆ ಇಲ್ಲ, ತೆಗೆಸಿ ಪಾಲಿಶ್ ಮಾಡಿಸು ಅಂತಾರೆ. ನಾನು ಒಪ್ಪೋದಿಲ್ಲ. ಕೊಂಡಿ ತೆಗೆಸಿದರೆ ಅದು ಸಾವಿರಾರು ಚಾರ್‌ಮಿನಾರ್ ರೂಪಾಯಿಗಳಲ್ಲಿ ಒಂದು, ಅಷ್ಟೇ.

ಹಂಗಂತ ‘ಪರಂಪರೆ ಉಳಿಸಿ, ಮಾರಬೇಡಿ’ ಅಂತ ಆಯಿಗೆ ಉಪದೇಶ ಮಾಡುವ ಹಕ್ಕು ನನಗಿಲ್ಲ. ಫೀಸ್ ಯಾರು ಕಟ್ಟಬೇಕು? ಸರಾಫನದೂ ತಪ್ಪಲ್ಲ, ಅವನಿಗೆ ಬೆಳ್ಳಿ ಬೆಳ್ಳಿಯೇ. ನನ್ನ ತಕರಾರು ನಮ್ಮಂಥ ಓದಿದವರ ಮೇಲೆ. ಎಲ್ಲರ ಕೈಯಲ್ಲೂ ಫೋನ್ ಇದೆ. ಮಾರುವ ಮೊದಲು ಎರಡೂ ಬದಿಯ ಫೋಟೊ, ಹಿರಿಯರ ದನಿಯಲ್ಲಿ ಎರಡು ನಿಮಿಷದ ಮಾತು ಹಿಡಿದಿಡಲಿಕ್ಕೆ ಯಾರಪ್ಪನ ಗಂಟು ಹೋಗುತ್ತದೆ?

ಫೋನ್ ಮಾತು ಬಂತು ಅಂತ ಇದನ್ನೂ ಹೇಳಿಬಿಡುತ್ತೇನೆ. ‘ಹಳೆ ನಾಣ್ಯಕ್ಕೆ ಲಕ್ಷ ಕೊಡ್ತೀವಿ, ಮೊದಲು ಫೀಸ್ ಕಳಿಸಿ’ ಅಂತ ಕರೆ ಬಂದರೆ ಕಟ್ ಮಾಡಿ. ತನ್ನ ಹೆಸರಲ್ಲಿ ಇಂಥ ಮೋಸ ನಡೆಯುತ್ತಿದೆ, ತಾನು ಇಂಥ ವ್ಯವಹಾರ ಮಾಡೋದೇ ಇಲ್ಲ ಅಂತ ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ. ಹೊಲ ಉಳುವಾಗ ಗಡಿಗೆಯಲ್ಲಿ ನಾಣ್ಯ ಸಿಕ್ಕರೆ ಮಾತ್ರ ಕತೆ ಬೇರೆ. ಅದು ನಿಧಿ ಕಾಯ್ದೆಗೆ ಬರುತ್ತದೆ, ಜಿಲ್ಲಾಧಿಕಾರಿಗೆ ತಿಳಿಸಿ.

ಅವತ್ತು ಆಯಿಗೆ ನನ್ನ ನಂಬರ್ ಬರೆದುಕೊಟ್ಟಿದ್ದೆ. ಮೊಮ್ಮಗಳು ದುಡಿಯಲು ಶುರು ಮಾಡಿದ ಮೇಲೆ ಬೇಕೆಂದರೆ ಕೊಂಡ ರೇಟಿಗೇ ವಾಪಸ್ ಕೊಡುತ್ತೇನೆ ಅಂದಿದ್ದೆ. ಇನ್ನೂ ಫೋನ್ ಬಂದಿಲ್ಲ. ಕೊಂಡಿ ಹಾಗೇ ಇದೆ.