ಟಿಕೆಟ್ ಬುಕ್ ಮಾಡಿದ್ರೆ ಡೇಟ್ ಆಗಲ್ಲ
ಮಕ್ಕಳಾದ ಮೇಲೆ ನಾವಿಬ್ರು | ಭಾಗ 6

"ಮಗು ಆದ್ಮೇಲೆ ಡೇಟ್ ನೈಟ್ ಎಲ್ಲಾ ಮುಗೀತು ಬಿಡಿ" ಅಂತ ಎಲ್ಲರೂ ಹೇಳ್ತಾರೆ. ನಾನು ಒಪ್ಪಲ್ಲ. ಹೊರಗೆ ಹೋಗೋಕೆ ಈಗಲೂ ಆಗುತ್ತೆ. ಆದರೆ ಆ ಎರಡು ಗಂಟೆಯ ಹಿಂದೆ ಈಗ ಎರಡು ದಿನದ ತಯಾರಿ ಇರುತ್ತೆ. ಆ ತಯಾರಿ ಯಾರ ತಲೆ ಮೇಲಿದೆ ಅನ್ನೋದರ ಮೇಲೆ ಅದು ಡೇಟೋ, ಇನ್ನೊಂದು ಕೆಲಸವೋ ಅಂತ ತೀರ್ಮಾನ ಆಗುತ್ತೆ.

ಮದುವೆಯಾದ ಹೊಸದರಲ್ಲಿ ಒಂದು ಮೆಸೇಜ್ ಸಾಕಿತ್ತು. "ಸಿನಿಮಾ ಹೋಗೋಣ್ವಾ?" "ಹೂಂ." ಮುಗೀತು.

ಈಗ ಅದೇ ಸಿನಿಮಾಗೆ ಏನೇನು ಬೇಕು ನೋಡಿ. ಮಗೂಗೆ ಏಳು ಗಂಟೆಗೇ ಊಟ ಆಗಬೇಕು. ಜ್ವರದ ಸಿರಪ್ ಎಲ್ಲಿದೆ, ಯಾವ ಹೊದಿಕೆ ಇಲ್ಲದಿದ್ರೆ ನಿದ್ದೆ ಬರಲ್ಲ, ಎದ್ದು ಅತ್ತರೆ ಏನು ಮಾಡಬೇಕು, ಎಲ್ಲಾ ಅಜ್ಜಿಗೆ ಹೇಳಿಕೊಡಬೇಕು. ಜೊತೆಗೇ ಕರ್ಕೊಂಡು ಹೋಗೋಣ ಅಂದ್ರೆ 'ಎ' ಸರ್ಟಿಫಿಕೇಟ್ ಸಿನಿಮಾಗೆ 18 ವರ್ಷದೊಳಗಿನವರನ್ನ ಬಿಡಲ್ಲ. ತೊಡೆ ಮೇಲೆ ಮಲಗಿರೋ ಕೂಸಿಗೂ ಅದೇ ನಿಯಮ.

ಇಷ್ಟರ ನಡುವೆ ಗಂಡ ಬಂದು "ಟಿಕೆಟ್ ಬುಕ್ ಮಾಡಿದೀನಿ, ಬೇಗ ರೆಡಿಯಾಗು" ಅಂತಾನೆ. ಪ್ರೀತಿಯಿಂದಲೇ ಅಂತಾನೆ, ಅನುಮಾನ ಇಲ್ಲ. ಆದರೆ ಬುಕ್ ಮಾಡೋಕೆ ಎರಡು ನಿಮಿಷ ಸಾಕು. ಉಳಿದಿದ್ದೆಲ್ಲ ಯಾರು ಮಾಡಿದ್ದು?

ಇದು ಬರೀ ನಮ್ಮ ನಿಮ್ಮ ಮನೆ ಕಥೆ ಅಲ್ಲ. ಕೇಂದ್ರ ಸರ್ಕಾರ 2024ರಲ್ಲಿ ಸಮಯ ಬಳಕೆ ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಕೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಕೊಡ್ತಾರೆ, ಗಂಡಸರು 88. ಅದೂ ಮನೆಕೆಲಸ ಮಾಡೋ ಗಂಡಸರ ಲೆಕ್ಕ. ಕೈಯನ್ನೇ ಹಾಕದವರು ಈ ಸರಾಸರಿಯಲ್ಲಿ ಇಲ್ಲವೇ ಇಲ್ಲ! ದಿನವಿಡೀ ಹೀಗೆ ಇರುವಾಗ ಶನಿವಾರ ರಾತ್ರಿ ಮಾತ್ರ ಸಮಪಾಲು ಎಲ್ಲಿಂದ ಬರಬೇಕು?

ಎರಡನೇ ವಿಷಯ, ಸ್ವಲ್ಪ ಕಹಿ. ಗೃಹಪ್ರವೇಶ, ಬ್ಯಾಂಕು, ಆಸ್ಪತ್ರೆ ಅಂದ್ರೆ ಮಗೂನ ಬಿಟ್ಟು ಹೋಗೋಕೆ ಯಾರೂ ಬೇಡ ಅನ್ನಲ್ಲ. "ನಾವಿಬ್ರೇ ಊಟಕ್ಕೆ ಹೋಗ್ಬರ್ತೀವಿ" ಅನ್ನೋಕೆ ಮಾತ್ರ ಬಾಯೇ ಬರಲ್ಲ. ಅದಕ್ಕೇ ಎಷ್ಟೋ ಮನೆಗಳಲ್ಲಿ ಡೇಟಿಗೆ "ಸ್ವಲ್ಪ ಕೆಲಸ ಇದೆ ಅತ್ತೆ" ಅಂತ ಹೆಸರು. ಆ ಸುಳ್ಳು ಹೇಳೋದು ಸಾಮಾನ್ಯವಾಗಿ ಸೊಸೆ. ಗೊತ್ತಾದ್ರೆ "ಮಗೂನ ಬಿಟ್ಟು ಸುತ್ತೋಕೆ ಹೋದ್ಳು" ಅನ್ನಿಸಿಕೊಳ್ಳೋದೂ ಅವಳೇ. "ಹೋದ" ಅಂತ ಅವನನ್ನ ಯಾರಾದ್ರೂ ಅಂದಿದ್ದು ಕೇಳಿದೀರಾ?

ಆದ್ದರಿಂದ ಈ ಮಾತನ್ನ ಮಗನೇ ಆಡಬೇಕು. "ಅಮ್ಮಾ, ಶನಿವಾರ ನಾವಿಬ್ರೂ ಹೊರಗೆ ಹೋಗೋಣ ಅಂತಿದೀವಿ. ನಿಂಗೆ ಆಗುತ್ತಾ? ಮಗೂಗೆ ಊಟ ಮಾಡಿಸಿ ಮಲಗಿಸಿಯೇ ಹೋಗ್ತೀನಿ." ಇಲ್ಲಿ "ಆಗುತ್ತಾ" ಅನ್ನೋದು ನಿಜವಾದ ಪ್ರಶ್ನೆ ಆಗಿರಲಿ. ಅವರಿಗೂ ಮಂಡಿ ನೋವಿದೆ, ಅವರ ಸೀರಿಯಲ್ ಇದೆ. "ಈ ವಾರ ಆಗಲ್ಲಪ್ಪ" ಅನ್ನೋ ಹಕ್ಕು ಅವರಿಗೂ ಇದೆ.

"ನಮ್ಮಪ್ಪ ಅಮ್ಮ ಯಾವ ಡೇಟಿಗೆ ಹೋಗಿದ್ರು?" ಅಂತ ಕೇಳೋರಿಗೆ: ಅವರ ಮಕ್ಕಳನ್ನ ಎತ್ತಿಕೊಳ್ಳೋಕೆ ಮನೆ ತುಂಬ ಜನ ಇದ್ರು. ದೊಡ್ಡಮ್ಮ, ಅತ್ತೆ, ಪಕ್ಕದ ಮನೆಯವರು. ಈಗಿನ ಎರಡು ಬೆಡ್‌ರೂಮ್ ಫ್ಲ್ಯಾಟಿನಲ್ಲಿ ಇರೋದು ನಾವಿಬ್ರು, ಒಂದು ಮಗು. ಅಜ್ಜಿ ಊರಲ್ಲಿದ್ರೆ ಮುಗಿದೇ ಹೋಯ್ತು.

ಅಂಥವರು 'ನೈಟ್' ಬಿಟ್ಟುಬಿಡಿ, ಡೇಟ್ ಇಟ್ಕೊಳ್ಳಿ. ಮಗು ಸ್ಕೂಲಿಗೆ ಹೋದ ಮೇಲೆ ಇಬ್ಬರೂ ಅರ್ಧ ದಿನ ರಜೆ ಹಾಕಿ. ಬೆಂಗಳೂರಲ್ಲಿ ಇದ್ರೆ 1943ರಿಂದ ಇರೋ ವಿದ್ಯಾರ್ಥಿ ಭವನದಲ್ಲಿ ದೋಸೆ ತಿಂದು, ಲಾಲ್‌ಬಾಗ್ ಬಂಡೆ ಹತ್ತಿ ಕೂತ್ಕೊಳ್ಳಿ. ಮೈಸೂರಲ್ಲಿ ಕುಕ್ಕರಹಳ್ಳಿ ಕೆರೆ, ಹುಬ್ಬಳ್ಳಿಯಲ್ಲಿ ಉಣಕಲ್ ಕೆರೆ. ರಜೆ ಸಿಗದ ಕೆಲಸವಾದ್ರೆ ಮಗು ಮಲಗಿದ ಮೇಲೆ ಬಾಗಿಲ ಹೊರಗಿನ ಮೆಟ್ಟಿಲೂ ಸಾಕು. ಎರಡು ಲೋಟ ಕಾಫಿ, ಫೋನ್ ಒಳಗೆ.

"ಅಲ್ಲಿ ಮಗು ವಿಷಯ ಮಾತಾಡಬೇಡಿ" ಅಂತ ಸಲಹೆ ಕೊಡ್ತಾರೆ. ಮಾತಾಡಿ ಪರವಾಗಿಲ್ಲ. ಇಬ್ಬರೂ ಸೇರಿ ಬೆಳೆಸ್ತಿರೋ ಮಗು ತಾನೇ? ಫೀಸು, ಲಸಿಕೆ, ಡಯಪರ್ ಪಟ್ಟಿ ಮಾತ್ರ ಮನೇಲೇ ಇರಲಿ.

ನನ್ನ ಕಡೆಯಿಂದ ಒಂದೇ ನಿಯಮ: ಯಾರು "ಹೋಗೋಣ" ಅಂತಾರೋ ಮಗುವಿನ ವ್ಯವಸ್ಥೆಯೂ ಅವರದ್ದೇ. ಒಂದು ತಿಂಗಳು ನೀವು, ಮುಂದಿನ ತಿಂಗಳು ಅವರು. ಇನ್ನೊಬ್ಬರು ತಲೆ ಬಾಚಿಕೊಂಡು ಚಪ್ಪಲಿ ಹಾಕ್ಕೊಂಡು ಬಂದ್ರೆ ಸಾಕು.

ನಿಮ್ಮ ಮನೇಲಿ ಹೋದ ಸಲ ಅಜ್ಜಿಗೆ ಫೋನ್ ಮಾಡಿದ್ದು ಯಾರು? ಕಾಮೆಂಟಲ್ಲಿ ಹೇಳಿ. ಉತ್ತರ ಗೊತ್ತಿಲ್ಲದ ಗಂಡಂದಿರಿಗೆ ಟ್ಯಾಗ್ ಮಾಡೋದು ಮರೀಬೇಡಿ 🙂

#ಮಕ್ಕಳಾದಮೇಲೆನಾವಿಬ್ರು #ಅಪ್ಪಅಮ್ಮ #ಗಂಡಹೆಂಡತಿ