ರೋಗಿಗೊಬ್ಬರಿಗೆ ಬಿಟ್ಟು ಊರಿಗೆಲ್ಲಾ ಗೊತ್ತು!

ರಾತ್ರಿ ಹತ್ತರ ಮೇಲೆ ಬೆಂಗಳೂರಿಗೆ ಹೊರಡುವ ಬಸ್ಸುಗಳನ್ನು ಒಮ್ಮೆ ಹತ್ತಿ ನೋಡಿ. ಸ್ಕ್ಯಾನ್ ಕವರು ತೊಡೆ ಮೇಲಿಟ್ಟುಕೊಂಡವರು ಯಾವುದಾದರೂ ಒಂದು ಸೀಟಿನಲ್ಲಿ ಇದ್ದೇ ಇರುತ್ತಾರೆ. ಪಕ್ಕದಲ್ಲಿ ಶಾಲು ಹೊದ್ದ ಹಿರಿಯರು. ‘ಎಲ್ಲಿಗ್ರೀ?’ ಅಂದರೆ ‘ಕಿದ್ವಾಯಿಗೆ’ ಅಂತ ಉತ್ತರ. ಅಷ್ಟು ಸಾಕು, ಮುಂದೆ ಯಾರೂ ಕೇಳುವುದಿಲ್ಲ. 1973ರಲ್ಲಿ ಶುರುವಾದ ಆ ಆಸ್ಪತ್ರೆಯ ಹೆಸರೇ ನಮ್ಮ ಜನರ ಬಾಯಲ್ಲಿ ಕಾಯಿಲೆಯ ಹೆಸರಾಗಿ ಹೋಗಿದೆ.

ನಮ್ಮ ಮಂಡಿಪೇಟೆಯ ವ್ಯಾಪಾರಿಯೊಬ್ಬರ ಮನೆ ವಿಷಯ ಹೇಳುತ್ತೇನೆ. ಹೆಸರು ಬೇಡ. ಮೂವತ್ತು ವರ್ಷ ಗಲ್ಲಾ ಮೇಲೆ ಕೂತವರು. ಅನ್ನನಾಳದ ಕ್ಯಾನ್ಸರ್ ಲಿವರಿಗೆ ಹಬ್ಬಿದೆ. ಕೀಮೋ ಒಂದು ಸುತ್ತು ಮುಗಿಯಿತು, ಗಡ್ಡೆ ಬಗ್ಗಲಿಲ್ಲ. ಬೇಕಾದರೆ ಬೇರೆ ಔಷಧಿ ಕೊಟ್ಟು ನೋಡಬಹುದು ಎಂದಿದ್ದಾರೆ ಡಾಕ್ಟರು. ದೊಡ್ಡ ಮಗ ಸೈಟು ಮಾರಲು ಬ್ರೋಕರ್ ಹಿಂದೆ ಓಡಾಡುತ್ತಿದ್ದಾನೆ. ಅಳಿಯ ‘ಸ್ವಲ್ಪ ಯೋಚನೆ ಮಾಡೋಣ’ ಎಂದು ಬಾಯಿಬಿಟ್ಟು ಮನೆಮಂದಿಗೆಲ್ಲ ಕೆಟ್ಟವನಾಗಿದ್ದಾನೆ. ಇಷ್ಟೂ ಮಾತುಕತೆ ನಡೆಯುವುದು ಅಡಿಗೆಮನೆಯಲ್ಲಿ, ಪಿಸುದನಿಯಲ್ಲಿ. ಯಾಕೆಂದರೆ ಯಜಮಾನರಿಗೆ ಹೇಳಿರುವುದು ‘ಅಲ್ಸರ್’ ಅಂತ!

‘ಅಪ್ಪಾಜಿಗೆ ಮಾತ್ರ ಗೊತ್ತಾಗಬಾರ್ದು ಸಾರ್, ಎದೆ ಒಡ್ಕೊಂಡ್ಬಿಡ್ತಾರೆ’ ಎನ್ನುತ್ತಾನೆ ಮಗ.

ಅಲ್ರೀ, ಮೂವತ್ತು ವರ್ಷ ಖಾತೆ ಕಿರ್ದಿ ಬರೆದ ಮನುಷ್ಯನಿಗೆ ಆಸ್ಪತ್ರೆ ಗೇಟಿನ ಬೋರ್ಡು ಓದಲು ಬರುವುದಿಲ್ಲವೇ? ಅಲ್ಸರಿಗೆ ತಲೆಗೂದಲು ಉದುರುತ್ತದೆಯೇ? ಅವರಿಗೆ ಗೊತ್ತಿದೆ. ಹೆಂಡತಿ ಮಕ್ಕಳು ಹೆದರಿಯಾರು ಅಂತ ಅವರು ಸುಮ್ಮನಿದ್ದಾರೆ, ಅವರು ಹೆದರಿಯಾರು ಅಂತ ಇವರು ಸುಮ್ಮನಿದ್ದಾರೆ. ಇನ್ನೊಂದು ತಮಾಷೆ ಕೇಳಿ. ಆ ಸೈಟು ಇರುವುದು ಯಜಮಾನರ ಹೆಸರಿನಲ್ಲೇ. ನಾಳೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಕೂರಿಸಿ ಏನು ಹೇಳಿ ಸಹಿ ಹಾಕಿಸುತ್ತಾರಂತೆ?

ಮಗನ ಮೇಲೆ ಕೋಪವಿಲ್ಲ. ಅವನನ್ನು ಓಡಿಸುತ್ತಿರುವುದು ಅಪ್ಪನ ಮೇಲಿನ ಪ್ರೀತಿ ಅರ್ಧ, ನಾಳೆ ತಿಥಿ ಊಟಕ್ಕೆ ಬರುವವರ ಬಾಯಿ ಇನ್ನರ್ಧ. ‘ದುಡ್ಡಿಗೆ ಹಿಂದೆ ಮುಂದೆ ನೋಡಿದ, ಅಪ್ಪನ್ನ ಕಳ್ಕೊಂಡ’ ಎನ್ನುವವರು ಯಾರೂ ಆಸ್ಪತ್ರೆ ಬಿಲ್ಲಿಗೆ ನೂರು ರೂಪಾಯಿ ಕೊಟ್ಟವರಲ್ಲ.

ಪಿಯುಸಿ ಅರ್ಧಕ್ಕೆ ಬಿಟ್ಟ ನನಗೆ ವೈದ್ಯಶಾಸ್ತ್ರ ಬರುವುದಿಲ್ಲ. ಆದರೆ ವ್ಯಾಪಾರಸ್ಥರ ಲೆಕ್ಕ ಗೊತ್ತು. ಒಂದು ಮೂಟೆ ತೊಗರಿಬೇಳೆಗೆ ಅರ್ಧ ಗಂಟೆ ಚೌಕಾಸಿ ಮಾಡುವ ನಾವು ಡಾಕ್ಟರ ಮುಂದೆ ಬಾಯಿ ಕಟ್ಟಿ ಕೂರುತ್ತೇವೆ. ಬಾಯಿಬಿಟ್ಟು ಕೇಳಬೇಕು ಸ್ವಾಮಿ. ಈ ಔಷಧಿಯಿಂದ ಗುಣವಾಗುತ್ತದೆಯೋ, ಬರೀ ದಿನ ಮುಂದೆ ಹೋಗುತ್ತದೆಯೋ? ಹೋದರೆ ವಾರವೋ, ತಿಂಗಳೋ? ಆ ದಿನಗಳನ್ನು ರೋಗಿ ಮನೆಯಲ್ಲಿ ಕಳೆಯುತ್ತಾರೋ, ವಾರ್ಡಿನಲ್ಲೋ? ಕೊಡದೇ ಇದ್ದರೆ ಏನಾಗುತ್ತದೆ? ಕೀಮೋ ಬೇಡವೇ ಬೇಡ ಎಂದು ಹೇಳುತ್ತಿಲ್ಲ. ನಾಲ್ಕನೇ ಸ್ಟೇಜೆಲ್ಲ ಒಂದೇ ಅಲ್ಲ, ಕೆಲವು ಬಗೆಯಲ್ಲಿ ಔಷಧಿಯ ಮೇಲೆ ವರ್ಷಗಟ್ಟಲೆ ಓಡಾಡಿಕೊಂಡಿರುವವರೂ ಇದ್ದಾರೆ. ಕೇಳಿದರೆ ತಾನೇ ತಿಳಿಯುವುದು? ಸರ್ಕಾರಿ ಆರೋಗ್ಯ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಎಪಿಎಲ್‌ನವರಿಗೆ ಅದರಲ್ಲಿ ಒಂದು ಪಾಲು ಮಾತ್ರ. ಮೊದಲು ಕಾರ್ಡು ತೋರಿಸಿ ವಿಚಾರಿಸಿ, ಬ್ರೋಕರ್ ಆಮೇಲೆ.

‘ಇನ್ನೇನೂ ಮಾಡಕ್ಕಾಗಲ್ಲ’ ಎಂಬ ಮಾತಂತೂ ಶುದ್ಧ ಸುಳ್ಳು. ಗಂಟಲಲ್ಲಿ ಏನೂ ಇಳಿಯದಿದ್ದರೆ ಸ್ಟೆಂಟ್ ಎಂಬ ಜಾಲರಿ ಕೊಳವೆ ಇಡುತ್ತಾರೆ, ಗಂಜಿಯಾದರೂ ಇಳಿಯುತ್ತದೆ. ವಾಂತಿಗೆ, ದಮ್ಮಿಗೆ, ನಿದ್ದೆಗೆ ಔಷಧಿ ಇದೆ. ಇದಕ್ಕೆ ಪ್ಯಾಲಿಯೇಟಿವ್ ಕೇರ್ ಎನ್ನುತ್ತಾರೆ. ಕೈಬಿಟ್ಟ ಮೇಲೆ ಕಳಿಸುವ ಜಾಗ ಅಂತ ಜನ ತಿಳಿದಿದ್ದಾರೆ, ಹಾಗಲ್ಲ. ಹಬ್ಬಿದ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳ ಮೇಲೆ ಅಮೆರಿಕದ ಬಾಸ್ಟನ್ನಿನಲ್ಲಿ ಮಾಡಿದ ಒಂದು ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಮಾಮೂಲಿ ಚಿಕಿತ್ಸೆಯ ಜೊತೆಗೇ ಮೊದಲಿನಿಂದ ಈ ಆರೈಕೆ ಪಡೆದವರು ಕೊನೆಗಾಲದಲ್ಲಿ ಕೀಮೋ, ಆಸ್ಪತ್ರೆ ಅಂತ ಅಲೆದದ್ದು ಕಡಿಮೆ. ಆದರೂ ಉಳಿದವರಿಗಿಂತ ಸರಾಸರಿ ಎರಡೂವರೆ ತಿಂಗಳು ಹೆಚ್ಚೇ ಬದುಕಿದರು!

ಈಗ ನೋವಿನ ವಿಷಯ. ಮಂಡಿಪೇಟೆ ಯಜಮಾನರು ರಾತ್ರಿ ಎರಡಕ್ಕೆ ಎದ್ದು ಗೋಡೆ ಹಿಡಿದು ನಿಲ್ಲುತ್ತಾರಂತೆ. ಮನೆಯಲ್ಲಿರುವುದು ಮೆಡಿಕಲ್ ಸ್ಟೋರಿನಿಂದ ತಂದ ಜ್ವರದ ಮಾತ್ರೆ. ಇಂಥ ನೋವಿಗೆಂದೇ ಇರುವ ಮದ್ದು ಮಾರ್ಫಿನ್. ಅಫೀಮಿನಿಂದ ತೆಗೆಯುವಂಥದ್ದು, ದುಬಾರಿಯಲ್ಲ. ಆದರೆ 1985ರ ಮಾದಕವಸ್ತು ಕಾನೂನು ಬಂದ ಮೇಲೆ ಲೈಸೆನ್ಸಿನ ತಾಪತ್ರಯಕ್ಕೆ ಹೆದರಿ ಆಸ್ಪತ್ರೆಗಳು ಅದನ್ನು ಇಡುವುದನ್ನೇ ಕಡಿಮೆ ಮಾಡಿದವು. ಕಳ್ಳ ಸಾಗಣೆಯವರಿಗೆ ಬೀಸಿದ ಲಾಠಿ ಬಿದ್ದದ್ದು ಹಾಸಿಗೆ ಹಿಡಿದವರ ಬೆನ್ನಿಗೆ. 2014ರಲ್ಲಿ ಪಾರ್ಲಿಮೆಂಟು ಕಾನೂನು ತಿದ್ದಿ, ಮಾನ್ಯತೆ ಪಡೆದ ಆಸ್ಪತ್ರೆಗಳು ಸಲೀಸಾಗಿ ಇಟ್ಟುಕೊಳ್ಳಲು ದಾರಿ ಮಾಡಿತು. ಕಾನೂನಿನ ಗಂಟು ಸಡಿಲವಾದರೂ ತಲೆಯೊಳಗಿನ ಗಂಟು ಸಡಿಲವಾಗಿಲ್ಲ. ‘ಚಟ ಹತ್ತುತ್ತೆ’ ಅನ್ನುತ್ತಾರೆ. ಡಾಕ್ಟರು ಹೇಳಿದ ಅಳತೆಯಲ್ಲಿ, ಹೇಳಿದ ಹೊತ್ತಿಗೆ ನೋವಿಗೆಂದು ನುಂಗಿದರೆ ಚಟವಾಗುವುದು ಬಲು ಅಪರೂಪ. ಮಲಬದ್ಧತೆ ಮಾತ್ರ ಆಗುತ್ತದೆ, ಅದಕ್ಕೂ ಜೊತೆಯಲ್ಲೇ ಔಷಧಿ ಬರೆಯುತ್ತಾರೆ. ಅಷ್ಟಕ್ಕೂ, ಇನ್ನು ಕೆಲವು ತಿಂಗಳ ಮನುಷ್ಯನಿಗೆ ಚಟದ ಭಯವೇ?

ಮನೆಯಲ್ಲಿ ನೋಡಿಕೊಳ್ಳಲು ಆಗದವರಿಗೆ ಬೆಂಗಳೂರಿನಲ್ಲಿ ಕರುಣಾಶ್ರಯ ಇದೆ. 1999ರಿಂದ ಇಂಥ ರೋಗಿಗಳನ್ನು ಇಟ್ಟುಕೊಂಡು ನೋಡಿಕೊಳ್ಳುತ್ತಿದೆ, ಒಂದು ರೂಪಾಯಿ ತೆಗೆದುಕೊಳ್ಳುವುದಿಲ್ಲ. ಇನ್ನು, ಕೊನೆಗಾಲದಲ್ಲಿ ನನಗೆ ವೆಂಟಿಲೇಟರ್ ಬೇಡ ಎಂದು ಮೊದಲೇ ಬರೆದಿಡಲು 2018ರಲ್ಲೇ ಸುಪ್ರೀಂ ಕೋರ್ಟು ಒಪ್ಪಿದೆ. 2023ರಲ್ಲಿ ಅದನ್ನು ಸರಳ ಮಾಡಿ, ಇಬ್ಬರು ಸಾಕ್ಷಿ ಮತ್ತು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು ಎಂದಿತು. ಆದರೆ ತನಗಿರುವುದು ಅಲ್ಸರ್ ಎಂದು ನಂಬಿದ ಮನುಷ್ಯ ಅದನ್ನು ಬರೆದಾನು ಹೇಗೆ?

ಆದ್ದರಿಂದ ಮಗನಿಗೆ ಹೇಳಿದ್ದು ಇಷ್ಟೆ: ಇವತ್ತು ರಾತ್ರಿ ಅಪ್ಪನ ಹತ್ತಿರ ಕೂತು ‘ಅಪ್ಪಾಜಿ, ಕಾಯಿಲೆ ಬಗ್ಗೆ ನಿಮಗೆ ಎಷ್ಟು ಗೊತ್ತಾಗಬೇಕು ಅಂತಿದೀರಿ?’ ಎಂದು ಕೇಳಪ್ಪಾ. ‘ಬ್ಯಾಡ, ಎಲ್ಲಾ ನೀನೇ ನೋಡ್ಕೋ’ ಅಂದರೆ ಅದೂ ಅವರದೇ ಮಾತು, ನಡೆಸು. ‘ಹೇಳು’ ಅಂದರೆ ಹೇಳು. ಸೈಟಿನ ವಿಷಯವನ್ನೂ ಹೇಳು.

ಹಾಗೆಯೇ ಜಿಲ್ಲಾ ಶಸ್ತ್ರಚಿಕಿತ್ಸಕರಲ್ಲಿ ಒಂದು ವಿನಂತಿ. ನಮ್ಮ ಜಿಲ್ಲಾಸ್ಪತ್ರೆಯಲ್ಲಿ ಮಾರ್ಫಿನ್ ಮಾತ್ರೆ ಯಾವ ಕೋಣೆಯಲ್ಲಿ, ಯಾವ ವಾರ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಸಿಗುತ್ತದೆ, ಯಾವ ಕಾಗದ ತರಬೇಕು ಎಂದು ನಾಲ್ಕು ಸಾಲು ಬರೆದು ಕಳಿಸಿ. ಇದೇ ಜಾಗದಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕುತ್ತೇವೆ.